ತಯಾರಿಕೆ ನಿಂತ ಸರಕು, ಮುಗಿಯದ ಲೆಕ್ಕ

ಸರಕೊಂದರ ತಯಾರಿಕೆಯನ್ನು ನಿಲ್ಲಿಸಲು ತೀರ್ಮಾನಿಸಿದ ಉದ್ಯಮಿಯು ತನ್ನ ಲೆಕ್ಕಪರಿಶೋಧಕರ ಬಳಿಗೆ ಬಂದಾಗ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಉಳಿದಿರುವ ದಾಸ್ತಾನನ್ನು ಯಾವ ಬೆಲೆಗೆ ಲೆಕ್ಕಕ್ಕೆ ಹಿಡಿಯಬೇಕು? ಅಚ್ಚು, ಯಂತ್ರಗಳ ಪುಸ್ತಕ ಬೆಲೆಯನ್ನು ಏನು ಮಾಡಬೇಕು? ನಷ್ಟವನ್ನು ಯಾವ ವರ್ಷದ ಲೆಕ್ಕಕ್ಕೆ ಹಾಕಬೇಕು? ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮೂರೂ ತಯಾರಕನ ಕಡೆಯವು. ಆ ಸರಕನ್ನು ಈಗಾಗಲೇ ಹಣ ಕೊಟ್ಟು ಕೊಂಡು, ಇನ್ನೂ ಹತ್ತು ವರ್ಷ ಬಳಸುವೆನೆಂದು ನಂಬಿ ಮನೆಯಲ್ಲಿಟ್ಟುಕೊಂಡ ಗ್ರಾಹಕನ ಕಡೆಯ ಪ್ರಶ್ನೆಯನ್ನು ಕೇಳುವವರು ಅಪರೂಪ. ಪ್ರಸ್ತುತ ಲೇಖನವು ಆ ನಾಲ್ಕನೆಯ ಪ್ರಶ್ನೆಯನ್ನು ಕುರಿತದ್ದು.

ಕಾಮಸಮುದ್ರ, ಬಂಗಾರಪೇಟೆ, ಕೆ.ಜಿ.ಎಫ್. ಭಾಗದ ವರ್ತಕರಿಗೆ ನಿಲುಗಡೆ ಎಂಬುದು ಹೊಸ ಪದವಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದ ಚಿನ್ನದ ಗಣಿಗಳು 2001ರ ಫೆಬ್ರವರಿ ಅಂತ್ಯಕ್ಕೆ ನಿಂತಾಗ ಸುತ್ತಲಿನ ಪೇಟೆಗಳ ವಹಿವಾಟು ಏನಾಯಿತೆಂಬುದನ್ನು ಇಲ್ಲಿನ ಹಳೆಯ ಅಂಗಡಿಗಳ ಸಾಲದ ಪುಸ್ತಕಗಳೇ ಹೇಳುತ್ತವೆ. ಅದು ಅನ್ನದ ಪ್ರಶ್ನೆಯಾಗಿತ್ತು. ಅದರ ಮುಂದೆ ಆಟಿಕೆಯೊಂದು, ಗಡಿಯಾರವೊಂದು, ಮೋಟಾರ್ ಸೈಕಲ್ಲೊಂದು ನಿಂತುಹೋದದ್ದು ಸಣ್ಣ ಸಂಗತಿ. ಆದರೆ ಸಣ್ಣ ತಯಾರಕರು ತಮ್ಮ ಜೀವನದಲ್ಲಿ ಎದುರಿಸುವುದು ಗಣಿಯ ನಿಲುಗಡೆಯನ್ನಲ್ಲ, ಇಂತಹ ಸಣ್ಣ ನಿಲುಗಡೆಗಳನ್ನು. ಆದ್ದರಿಂದ ಉದಾಹರಣೆಯೂ ಅಂತಹುದೇ ಇರಲಿ. ಮೊದಲನೆಯದು ಸ್ವಲ್ಪ ದೂರದ ದೇಶದ್ದು, ಮೇಲ್ನೋಟಕ್ಕೆ ವಿಚಿತ್ರವೆನಿಸುವಂಥದ್ದು. ಅದರ ಅರ್ಥವಾದರೆ ನಮ್ಮ ರಾಜ್ಯದ ಎರಡು ಉದಾಹರಣೆಗಳು ಸುಲಭವಾಗಿ ತಿಳಿಯುತ್ತವೆ.

ಬೊಂಬೆಗಳ ಯುದ್ಧ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿಯಿದೆ. ಲಂಡನ್ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ. 1983ರಿಂದ ಅದು ವಾರ್‌ಹ್ಯಾಮರ್ ಎಂಬ ಮೇಜಿನಾಟವನ್ನು ಮಾರುತ್ತ ಬಂದಿತ್ತು. ಆಟದ ಸ್ವರೂಪ ಹೀಗೆ: ರಾಕ್ಷಸರು, ಕುಳ್ಳರು, ಮಾಂತ್ರಿಕರು, ಕುದುರೆ ಏರಿದ ವೀರರು ತುಂಬಿದ ಒಂದು ಕಲ್ಪಿತ ಲೋಕ. ಆ ಲೋಕದ ಯಾವುದಾದರೊಂದು ಸೈನ್ಯವನ್ನು ಆಟಗಾರನು ಆರಿಸಿಕೊಳ್ಳುತ್ತಾನೆ. ಬೆರಳುದ್ದದ ಬೊಂಬೆಗಳನ್ನು ಬಿಡಿಬಿಡಿಯಾಗಿ ಕೊಂಡು, ಅಂಟಿಸಿ, ಒಂದೊಂದಕ್ಕೂ ಕೈಯಾರೆ ಬಣ್ಣ ಹಚ್ಚಿ, ಸಾಲಾಗಿ ನಿಲ್ಲಿಸಿ, ದೊಡ್ಡ ಮೇಜಿನ ಮೇಲೆ ಗೆಳೆಯನ ಸೈನ್ಯದೊಡನೆ ದಾಳ ಎಸೆದು ಕಾದಾಡುತ್ತಾನೆ. ನೂರಾರು ಬೊಂಬೆಗಳ ಸೈನ್ಯವೊಂದು ಸಿದ್ಧವಾಗಲು ತಿಂಗಳುಗಳಲ್ಲ, ಕೆಲವೊಮ್ಮೆ ವರ್ಷಗಳೇ ಬೇಕು. ಮದುವೆಯಲ್ಲಿ ಬಂದ ಪಟ್ಟದ ಬೊಂಬೆಗೆ ವರ್ಷ ವರ್ಷ ಒಂದೆರಡು ಸೇರಿಸುತ್ತ ದಸರೆಯ ಬೊಂಬೆಗಳ ಸಾಲನ್ನು ಬೆಳೆಸಿದ ಮನೆಯವರಿಗೆ ಈ ಅಭಿಮಾನ ಎಂತಹುದೆಂದು ಬಿಡಿಸಿ ಹೇಳಬೇಕಿಲ್ಲ.

2014 ಮತ್ತು 2015ರಲ್ಲಿ ಕಂಪನಿಯು ಆ ಕಲ್ಪಿತ ಲೋಕಕ್ಕೆ ಪ್ರಳಯವಾಗುವ ಕಥೆಯನ್ನು ಪುಸ್ತಕಗಳ ಸರಣಿಯಾಗಿ ಪ್ರಕಟಿಸಿತು. ಕಥೆಯ ಕೊನೆಯಲ್ಲಿ ಲೋಕ ನಿಜವಾಗಿಯೂ ನಾಶವಾಯಿತು. 2015ರ ಜುಲೈನಲ್ಲಿ ಅದರ ಸ್ಥಾನಕ್ಕೆ ಏಜ್ ಆಫ್ ಸಿಗ್ಮಾರ್ ಎಂಬ ಹೊಸ ಆಟ ಬಂದಿತು. ಹಳೆಯ ಆಟದ ದಪ್ಪ ನಿಯಮ ಪುಸ್ತಕದ ಬದಲು ಉಚಿತವಾದ ನಾಲ್ಕು ಪುಟಗಳ ನಿಯಮ. ಬೊಂಬೆಗಳ ಚೌಕ ಪೀಠದ ಬದಲು ದುಂಡು ಪೀಠ. ಇಬ್ಬರ ಸೈನ್ಯಗಳು ಸರಿಸಮವೇ ಎಂದು ತೂಗಿ ನೋಡುವ ಅಂಕಗಳ ಪದ್ಧತಿಯೇ ಇಲ್ಲ. ಹಳೆಯ ಬೊಂಬೆಗಳಿಗೆಂದು ಕೊಟ್ಟ ನಿಯಮಗಳಲ್ಲಿ ಕೆಲವು ಕುಚೋದ್ಯದವು. ಎದುರಾಳಿಗಿಂತ ನಿಮ್ಮ ಮೀಸೆ ಭರ್ಜರಿಯಾಗಿದ್ದರೆ ಮತ್ತೊಮ್ಮೆ ದಾಳ ಎಸೆಯಬಹುದು ಎಂಬುದು ಅವುಗಳಲ್ಲೊಂದು. ತಮಾಷೆಯೇನೋ ಸರಿ, ಆದರೆ ಇಪ್ಪತ್ತು ವರ್ಷ ಆಡಿದವನ ಬಳಿ ಅವನ ಆಟ ಸತ್ತ ದಿನವೇ ಮಾಡುವ ತಮಾಷೆಯಲ್ಲ ಅದು.

ಅಭಿಮಾನಿಗಳ ನಿರಾಶೆ ಎಷ್ಟಿತ್ತೆಂದರೆ, ಆಟಗಾರನೊಬ್ಬನು ತಾನೇ ಬಣ್ಣ ಹಚ್ಚಿದ್ದ ಸೈನ್ಯಕ್ಕೆ ಬೆಂಕಿಯಿಟ್ಟು ಅದನ್ನು ಚಿತ್ರೀಕರಿಸಿ ಲೋಕಕ್ಕೆಲ್ಲ ತೋರಿಸಿದನು. ಅದನ್ನು ನೋಡಿ ನಕ್ಕವರೂ ಇದ್ದರು. ಮಕ್ಕಳಾಟಕ್ಕೆ ಇಷ್ಟು ರೋಷವೇ ಎಂದು ಕೇಳುವುದು ಸುಲಭ. ಆದರೆ ಲೆಕ್ಕಪತ್ರದ ಕಣ್ಣಿನಿಂದ ನೋಡಿದರೆ ರೋಷದ ಮೂಲ ಬೇರೆಯೇ ಕಾಣುತ್ತದೆ.

ಒಂದೇ ವಸ್ತು, ಎರಡು ಖಾತೆ

ತಯಾರಕನ ಪುಸ್ತಕದಲ್ಲಿ ಆ ಬೊಂಬೆ ಚಾಲ್ತಿ ಆಸ್ತಿ. ಇವತ್ತು ದಾಸ್ತಾನಿನಲ್ಲಿದೆ, ನಾಳೆ ಮಾರಾಟವಾಗಿ ನಗದಾಗುತ್ತದೆ, ಅಲ್ಲಿಗೆ ಆ ಬೊಂಬೆಯ ಕಥೆ ಮುಗಿಯಿತು. ಕೊಂಡವನ ಮನೆಯಲ್ಲಿ ಅದೇ ಬೊಂಬೆ ಸ್ಥಿರ ಆಸ್ತಿ. ಅದರ ಮೇಲೆ ಅವನು ಬೆಲೆಯ ಜೊತೆಗೆ ಬಣ್ಣ, ಕುಂಚ, ಭಾನುವಾರಗಳು, ಕಣ್ಣಿನ ಶ್ರಮ ಇಷ್ಟನ್ನೂ ಹೂಡಿದ್ದಾನೆ. ಆ ಹೂಡಿಕೆಯ ಪ್ರತಿಫಲ ದೊರೆಯಬೇಕಾದರೆ ಎರಡು ಸಂಗತಿಗಳು ಮುಂದುವರಿಯಬೇಕು: ಆಡಲು ಎದುರಾಳಿಗಳು ಸಿಗುತ್ತಿರಬೇಕು ಮತ್ತು ಸೈನ್ಯಕ್ಕೆ ಸೇರಿಸಲು ಹೊಸ ಬೊಂಬೆಗಳು, ಹೊಸ ನಿಯಮಗಳು ಬರುತ್ತಿರಬೇಕು. ತಯಾರಕನು ಆಟವನ್ನು ನಿಲ್ಲಿಸಿದ ದಿನ ಬೊಂಬೆಗಳನ್ನೇನೂ ಯಾರೂ ಕಿತ್ತುಕೊಳ್ಳಲಿಲ್ಲ, ಕಪಾಟಿನಲ್ಲಿ ಹಾಗೆಯೇ ಇವೆ. ಆದರೆ ಎದುರಾಳಿಗಳು ಒಬ್ಬೊಬ್ಬರಾಗಿ ಬೇರೆ ಆಟಗಳಿಗೆ ಚದುರುತ್ತಾರೆ. ಸ್ಥಿರ ಆಸ್ತಿಯ ಮೌಲ್ಯ ಒಂದೇ ಏಟಿಗೆ ಕುಸಿಯುತ್ತದೆ. ಕುಸಿತವನ್ನು ಬರೆಯಲು ಗ್ರಾಹಕನ ಬಳಿ ಲಾಭನಷ್ಟ ಖಾತೆಯಿಲ್ಲ, ತೆರಿಗೆಯಲ್ಲಿ ಕಳೆಯಲು ಅವಕಾಶವಿಲ್ಲ. ಅವನಿಗೆ ಇರುವುದು ಸಿಟ್ಟು ಮಾತ್ರ.

ಇದನ್ನು ಆಟಿಕೆಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬಾರದು. ಬಿಡಿಭಾಗ ಬೇಕಾಗುವ ಮಿಕ್ಸಿ, ತನ್ನದೇ ಅಳತೆಯ ತಿರುಪು ಬೇಡುವ ಪಂಪು, ಪ್ರತಿ ವರ್ಷ ನವೀಕರಣ ಬೇಡುವ ಲೆಕ್ಕದ ತಂತ್ರಾಂಶ, ಸೆಟ್ಟಿನಲ್ಲಿ ಒಂದು ಒಡೆದರೆ ಹೊಂದುವ ಇನ್ನೊಂದು ಸಿಗಬೇಕಾದ ಪಿಂಗಾಣಿ ಬಟ್ಟಲು, ಇವೆಲ್ಲವೂ ಇದೇ ಜಾತಿಯವು. ಉಪ್ಪು, ಸೋಪು ಈ ಜಾತಿಯಲ್ಲ. ನಿಂತರೆ ಗ್ರಾಹಕನು ಬೇರೆ ಬ್ರಾಂಡು ಕೊಳ್ಳುತ್ತಾನೆ, ಮರೆಯುತ್ತಾನೆ. ತನ್ನ ಸರಕು ಯಾವ ಜಾತಿಯದೆಂದು ನಿಲ್ಲಿಸುವ ಮೊದಲು ತಯಾರಕನು ಕೇಳಿಕೊಳ್ಳಬೇಕು.

ವಾರ್‌ಹ್ಯಾಮರ್ ಕಥೆಯ ಉಳಿದ ಭಾಗ ಇನ್ನೂ ಸ್ವಾರಸ್ಯಕರ. ಅಭಿಮಾನಿಗಳು ಮೂರು ದಾರಿ ಹಿಡಿದರು. ಕೆಲವರು ಬೈಯುತ್ತಲೇ ಹೊಸ ಆಟಕ್ಕೆ ಹೋದರು. ಕೆಲವರು ನೈನ್ತ್ ಏಜ್ ಎಂಬ ಹೆಸರಿನಲ್ಲಿ ತಾವೇ ನಿಯಮಗಳನ್ನು ಬರೆದುಕೊಂಡು ಹಳೆಯ ಬೊಂಬೆಗಳಿಂದಲೇ ಆಟ ಮುಂದುವರಿಸಿದರು. ಇನ್ನು ಕೆಲವರನ್ನು ಪ್ರತಿಸ್ಪರ್ಧಿ ಕಂಪನಿಯೊಂದು ಸ್ವಾಗತಿಸಿತು: ಮ್ಯಾಂಟಿಕ್ ಎಂಬ ಆ ಕಂಪನಿ ತನ್ನ ಕಿಂಗ್ಸ್ ಆಫ್ ವಾರ್ ಆಟದಲ್ಲಿ ವಾರ್‌ಹ್ಯಾಮರ್‌ನ ನಿರಾಶ್ರಿತ ಸೈನ್ಯಗಳಿಗೂ ಜಾಗ ಮಾಡಿಕೊಟ್ಟಿತು. ಜಾಹೀರಾತಿಗೆ ಹಣ ಸುರಿಯದೆಯೇ ತಯಾರಾದ ಗ್ರಾಹಕರು ಅದಕ್ಕೆ ದೊರೆತರು.

ಗೇಮ್ಸ್ ವರ್ಕ್‌ಶಾಪ್ ಕಂಪನಿ ಇದರಿಂದ ಮುಳುಗಿತೇ? ಇಲ್ಲ. ಇಲ್ಲಿ ಅಂಕಿಗಳನ್ನು ಮರೆಮಾಡುವುದು ಸರಿಯಲ್ಲ. 2015ರ ಮೇ ತಿಂಗಳಿಗೆ ಕೊನೆಗೊಂಡ ವರ್ಷದಲ್ಲಿ ಸುಮಾರು 119 ದಶಲಕ್ಷ ಪೌಂಡುಗಳಿದ್ದ ಅದರ ವಹಿವಾಟು, ಎರಡು ವರ್ಷಗಳ ನಂತರ 158 ದಶಲಕ್ಷ ಪೌಂಡಿಗೆ ಏರಿತು. 2024ರ ಡಿಸೆಂಬರ್‌ನಲ್ಲಿ ಅದು ಬ್ರಿಟನ್ನಿನ ನೂರು ದೊಡ್ಡ ಕಂಪನಿಗಳ ಷೇರು ಸೂಚ್ಯಂಕಕ್ಕೂ ಸೇರಿತು. ಆದ್ದರಿಂದ ಹಳೆಯ ಆಟವನ್ನು ನಿಲ್ಲಿಸಿದ್ದೇ ತಪ್ಪೆಂದು ಹೇಳಲಾಗದು. ಮಾರಾಟ ಸಾಲದ ಸರಕನ್ನು ಯಾವ ಅಭಿಮಾನವೂ ಉಳಿಸಲಾರದು. ತಪ್ಪಿದ್ದದ್ದು ನಿಲ್ಲಿಸಿದ ರೀತಿಯಲ್ಲಿ. ಅದಕ್ಕೆ ಸಾಕ್ಷಿ ಕಂಪನಿಯೇ ಮುಂದೆ ಇಟ್ಟ ಹೆಜ್ಜೆಗಳು. 2016ರಲ್ಲಿ ಅಂಕಗಳ ಪದ್ಧತಿಯನ್ನು ಹೊಸ ಆಟಕ್ಕೆ ತಂದಿತು. ಅದೇ ವರ್ಷ ಬೇರೊಂದು ಕಂಪನಿ ಪರವಾನಗಿ ಪಡೆದು ಹಳೆಯ ಲೋಕವನ್ನು ಗಣಕಯಂತ್ರದ ಆಟವಾಗಿ ಹೊರತಂದಾಗ, ಸತ್ತ ಲೋಕಕ್ಕೆ ಹೊಸ ಅಭಿಮಾನಿಗಳೇ ಹುಟ್ಟಿಕೊಂಡರು. 2019ರ ನವೆಂಬರ್‌ನಲ್ಲಿ ಹಳೆಯ ಲೋಕ ಮರಳಿ ಬರುವುದೆಂದು ಕಂಪನಿ ಪ್ರಕಟಿಸಿತು. 2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಎಂಬ ಹೆಸರಿನಲ್ಲಿ ಅದು ಚೌಕ ಪೀಠಗಳ ಸಮೇತ ಮರಳಿತು. ಮೊದಲು ಬಂದ ಎರಡು ದೊಡ್ಡ ಪೆಟ್ಟಿಗೆಗಳು ಯಾವ ಸೈನ್ಯಗಳವು? ನಿಲುಗಡೆಯ ಸಮಯದಲ್ಲಿ ಪಟ್ಟಿಯಿಂದಲೇ ಪೂರ್ತಿ ತೆಗೆದುಹಾಕಿದ್ದ ಬ್ರೆಟೋನಿಯಾ ಮತ್ತು ಟೂಂಬ್ ಕಿಂಗ್ಸ್ ಎಂಬ ಸೈನ್ಯಗಳವೇ. ಅವುಗಳಲ್ಲಿ ಬಹಳಷ್ಟು ಬೊಂಬೆಗಳು ಹಳೆಯ ಮಾದರಿಗಳೇ. ಅಚ್ಚುಗಳನ್ನು ಗುಜರಿಗೆ ಹಾಕಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಜಾಲಹಳ್ಳಿಯಿಂದ ಮೈಸೂರಿನವರೆಗೆ

ನಮ್ಮ ರಾಜ್ಯದಲ್ಲಿ ಇದಕ್ಕೆ ಸಮೀಪದ ಉದಾಹರಣೆ ಎಚ್.ಎಂ.ಟಿ. ಕೈಗಡಿಯಾರ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಈ ತಯಾರಿಕೆ ಮುಂದೆ ತುಮಕೂರಿಗೂ ಹೊರ ರಾಜ್ಯಗಳಿಗೂ ಹಬ್ಬಿತು. ಜನತಾ, ಪೈಲಟ್, ಕಾಂಚನ್, ಸೋನಾ, ಕೊಹಿನೂರ್ ಎಂಬ ಹೆಸರುಗಳು ಗೊತ್ತಿಲ್ಲದ ಮನೆ ಕೋಲಾರ ಜಿಲ್ಲೆಯಲ್ಲಿ ಹುಡುಕಿದರೂ ಸಿಗಲಾರದು. ಎಸ್.ಎಸ್.ಎಲ್.ಸಿ. ಪಾಸಾದ ಮಗನಿಗೆ, ಹಸೆಮಣೆ ಏರುವ ಅಳಿಯನಿಗೆ, ನಿವೃತ್ತನಾಗುವ ನೌಕರನಿಗೆ ಕಟ್ಟುತ್ತಿದ್ದುದು ಅದೇ ಗಡಿಯಾರ. 1987ರಿಂದ ಟೈಟಾನ್ ಪೇಟೆಗೆ ಬಂದು ಬ್ಯಾಟರಿಯ ಗಡಿಯಾರಗಳ ಅಂದಚಂದ ಜನರ ಕಣ್ಣು ಸೆಳೆದ ಮೇಲೆ ಎಚ್.ಎಂ.ಟಿ. ಹಿಂದೆ ಬಿದ್ದಿತು. ಗಡಿಯಾರದ ಕಂಪನಿಯನ್ನು ಮುಚ್ಚಲಾಗುವುದೆಂಬ ಸುದ್ದಿ 2014ರಲ್ಲಿ ಹರಡಿತು. 2016ರ ಜನವರಿ 6ರಂದು ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಯು ಎಚ್.ಎಂ.ಟಿ. ವಾಚಸ್ ಸೇರಿದಂತೆ ಮೂರು ಅಂಗಸಂಸ್ಥೆಗಳ ಮುಚ್ಚುಗಡೆಗೆ ಒಪ್ಪಿಗೆ ನೀಡಿತು.

ಸುದ್ದಿ ಬಂದ ಮೇಲೆ ನಡೆದದ್ದು ವ್ಯಾಪಾರಿಗಳಿಗೆ ಪಾಠವಾಗುವಂಥದ್ದು. ವರ್ಷಗಟ್ಟಲೆ ಕೇಳುವವರಿಲ್ಲದೆ ಕುಳಿತಿದ್ದ ಕೀಲಿ ಕೊಡುವ ಗಡಿಯಾರಗಳಿಗಾಗಿ ಜನ ಮಾರಾಟ ಮಳಿಗೆಗಳಿಗೆ ಮುಗಿಬಿದ್ದರು. ಹಳೆಯ ಗಡಿಯಾರಗಳ ಬೆಲೆ ಏರಿತು. ಬೆಲೆ ಏರಿದ ಕೂಡಲೇ ನಕಲಿ ಬಂದಿತು: ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ, ಮುಖಫಲಕಕ್ಕೆ ಹೊಸ ಬಣ್ಣ ಬಳಿದು, ಎಚ್.ಎಂ.ಟಿ. ಎಂಬ ಅಕ್ಷರ ಅಚ್ಚು ಹಾಕಿ ಮಾರುವ ದಂಧೆ. ಮೂಲ ತಯಾರಕನು ಅಂಗಳ ಖಾಲಿ ಮಾಡಿದರೆ ಅಲ್ಲಿ ಕಳೆ ಬೆಳೆಯುತ್ತದೆ. ಅಭಿಮಾನಿಯು ಎರಡನೆಯ ಬಾರಿ ಮೋಸ ಹೋಗುವುದು ಹೀಗೆ. ಇನ್ನು ಗಡಿಯಾರ ರಿಪೇರಿಯವನ ಕಷ್ಟ ಬೇರೆ: ಒಂದು ಗಡಿಯಾರ ಬದುಕಿಸಲು ಇನ್ನೊಂದನ್ನು ಬಿಚ್ಚಬೇಕು.

ಅಭಿಮಾನ ಇಷ್ಟಿದ್ದರೆ ಮಾರಾಟವೇಕೆ ಬಿತ್ತು ಎಂದು ಯಾರಾದರೂ ಕೇಳಿದರೆ ಪ್ರಶ್ನೆ ನ್ಯಾಯವೇ. ಪ್ರೀತಿಸುವವರೆಲ್ಲ ಪ್ರತಿ ವರ್ಷ ಕೊಳ್ಳುವವರಲ್ಲ. ಮೂವತ್ತು ವರ್ಷ ಬಾಳುವ ಗಡಿಯಾರ ಮಾಡಿದವನಿಗೆ ಅದೇ ಗ್ರಾಹಕ ಮೂವತ್ತು ವರ್ಷದ ಮೇಲೆ ಸಿಗುತ್ತಾನೆ. ಆದ್ದರಿಂದ ನಿಲುಗಡೆಯ ಸಮಯದಲ್ಲಿ ಏಳುವ ಕೂಗನ್ನು ಬೇಡಿಕೆಯೆಂದು ತಿಳಿದು ಉತ್ಪಾದನೆ ಮುಂದುವರಿಸುವವನೂ ಮೋಸ ಹೋಗುತ್ತಾನೆ. ಕೂಗು ಹೇಳುವುದು ಬೇರೆಯದನ್ನು: ಈ ಹೆಸರಿಗೆ ಇನ್ನೂ ಬೆಲೆಯಿದೆ ಎಂಬುದನ್ನು.

ಹೆಸರಿನ ಬೆಲೆ ಎಷ್ಟೆಂಬುದಕ್ಕೆ ಮೈಸೂರಿನ ಐಡಿಯಲ್ ಜಾವಾ ಕಂಪನಿಯ ಕಥೆ ಸಾಕು. ಜಾವಾ ಮತ್ತು ನಂತರ ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸುತ್ತಿದ್ದ ಈ ಕಾರ್ಖಾನೆ 1996ರಲ್ಲಿ ನಿಂತಿತು. ಸವಾರರು ಬಿಡಲಿಲ್ಲ. ಸಂಘ ಕಟ್ಟಿಕೊಂಡರು, ವರ್ಷಕ್ಕೊಮ್ಮೆ ಜುಲೈ ತಿಂಗಳಲ್ಲಿ ಹಳೆಯ ಗಾಡಿಗಳನ್ನು ತೊಳೆದು ತಂದು ಮೆರವಣಿಗೆ ನಡೆಸಿದರು. ಮಹೀಂದ್ರ ಸಮೂಹದ ಬೆಂಬಲವುಳ್ಳ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯು 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮರಳಿ ರಸ್ತೆಗೆ ತಂದಿತು. ಯೆಜ್ಡಿ ಎಂಬ ಹೆಸರು ಯಾರದು ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ನಿಂತಿತು. ಆ ಟ್ರೇಡ್‌ಮಾರ್ಕ್ ಮುಚ್ಚುಗಡೆಯಲ್ಲಿರುವ ಹಳೆಯ ಕಂಪನಿಗೇ ಸೇರಿದ್ದೆಂದು 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ತೀರ್ಪಿತ್ತಿತು. ವಿವಾದ ಮೇಲ್ಮನವಿಗೂ ಹೋಯಿತು. ಕಾನೂನಿನ ಅಂಶಗಳು ಹೇಗೇ ಇರಲಿ, ಲೆಕ್ಕದವರಿಗೆ ಕಾಣುವುದು ಇಷ್ಟು: ಕಾರ್ಖಾನೆ ನಿಂತು ಕಾಲು ಶತಮಾನವಾದ ಮೇಲೂ ಅದರ ಹೆಸರಿಗಾಗಿ ವಕೀಲರಿಗೆ ಶುಲ್ಕ ಕೊಡಲು ಜನ ಸಿದ್ಧರಿದ್ದರು. ಹಳೆಯ ಕಂಪನಿಯ ಅಢಾವೆ ಪತ್ರಿಕೆಯಲ್ಲಿ ಆ ಪ್ರೀತಿಯ ಬೆಲೆಯೆಂದು ಒಂದು ರೂಪಾಯಿಯನ್ನೂ ತೋರಿಸಲು ಬರುತ್ತಿರಲಿಲ್ಲ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಉದ್ಯಮದ ಒಳಗೇ ಬೆಳೆದ ಬ್ರಾಂಡನ್ನಾಗಲಿ ಗುಡ್‌ವಿಲ್ಲನ್ನಾಗಲಿ ಆಸ್ತಿಯೆಂದು ಬರೆಯುವಂತಿಲ್ಲ. ನಿಯಮ ಸರಿಯಾದದ್ದೇ, ಬರೆಯಲು ಬಿಟ್ಟರೆ ಎಲ್ಲರೂ ಕೋಟಿ ಬರೆಯುತ್ತಾರೆ. ಆದರೆ ಪುಸ್ತಕದಲ್ಲಿಲ್ಲದ್ದು ಲೋಕದಲ್ಲೂ ಇಲ್ಲವೆಂದು ತಿಳಿಯುವುದು ಲೆಕ್ಕಿಗರ ಹಳೆಯ ರೋಗ.

ಕಾಮಸಮುದ್ರದ ಒಂದು ಕಲ್ಪಿತ ಘಟಕ

ಈಗ ನಮ್ಮ ಅಳತೆಗೆ ಬರೋಣ. ಕಾಮಸಮುದ್ರ ಹೋಬಳಿಯಲ್ಲಿ ಮೇಜಿನಾಟದ ಪೆಟ್ಟಿಗೆಗಳನ್ನು ತಯಾರಿಸುವ ಒಂದು ಸಣ್ಣ ಘಟಕವಿದೆಯೆಂದು ಊಹಿಸಿಕೊಳ್ಳೋಣ. ರಾಜ, ರಾಕ್ಷಸ, ಕೋಟೆ ಎಂದು ಮಕ್ಕಳು ಕಥೆ ಕಟ್ಟಿ ಆಡುವ ಆಟ. ಪ್ಲಾಸ್ಟಿಕ್ ಕಾಯಿಗಳಿಗೆ ಸ್ವಂತ ಅಚ್ಚು ಇದೆ. ಸರಕು ರೈಲಿನಲ್ಲಿ ಬೆಂಗಳೂರಿಗೂ, ಗಡಿ ದಾಟಿ ಕುಪ್ಪಂ ಕಡೆಗೂ ಹೋಗುತ್ತದೆ. ಕಾಯಿ ಮುರಿದರೆ ಮೂರು ವರ್ಷದವರೆಗೆ ಉಚಿತವಾಗಿ ಬದಲಿಸಿಕೊಡಲಾಗುವುದು ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ಮಾರಾಟ ಇಳಿದು ಮಾಲೀಕರು ಈ ಆಟವನ್ನು ನಿಲ್ಲಿಸಿ ಬೇರೆ ಆಟಿಕೆಗೆ ಹೋಗಲು ನಿರ್ಧರಿಸಿದ್ದಾರೆ.

ಮಾರ್ಚ್ 31ಕ್ಕೆ 600 ಪೆಟ್ಟಿಗೆ ಉಳಿದಿವೆ. ತಯಾರಿಕಾ ವೆಚ್ಚ ಪೆಟ್ಟಿಗೆಗೆ ರೂ. 240ರಂತೆ ರೂ. 1,44,000. ನಿಲುಗಡೆಯ ಸುದ್ದಿ ತಿಳಿದ ಸಗಟು ವ್ಯಾಪಾರಿ ರೂ. 170 ಕೊಡುತ್ತಾನೆ, ಸಾಗಣೆ, ದಲ್ಲಾಳಿ ರೂ. 20 ಕಳೆದರೆ ಕೈಗೆ ಬರುವುದು ರೂ. 150. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ವೆಚ್ಚ ಮತ್ತು ಕೈಗೆ ಬರುವ ಬೆಲೆ ಇವೆರಡರಲ್ಲಿ ಕಡಿಮೆಯದನ್ನೇ ಹಿಡಿಯಬೇಕು. ದಾಸ್ತಾನು ರೂ. 90,000, ನಷ್ಟ ರೂ. 54,000. ಈ ನಷ್ಟ ಈ ವರ್ಷದ್ದೇ. ಮುಂದಿನ ವರ್ಷ ಮಾರಿದಾಗ ನೋಡೋಣ ಎಂಬ ಮಾತು ಸಲ್ಲದು.

ಪೆಟ್ಟಿಗೆಗಳನ್ನು ಮಾರುವುದೇ ಬೇಡ, ಸುಟ್ಟುಹಾಕೋಣ ಎಂದು ಬೇಸತ್ತ ಮಾಲೀಕರು ಹೇಳುವುದುಂಟು. ಹಾಗೆ ಮಾಡುವ ಮೊದಲು ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ಕಲಮನ್ನು ಓದಬೇಕು. ನಾಶಪಡಿಸಿದ, ಪುಸ್ತಕದಿಂದ ತೆಗೆದುಹಾಕಿದ ಅಥವಾ ಪುಕ್ಕಟೆ ಹಂಚಿದ ಸರಕಿಗೆ ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಸಂಬಂಧವಿಲ್ಲದ ವ್ಯಾಪಾರಿಗೆ ಕಡಿಮೆ ಬೆಲೆಗೆ ಮಾರಿದರೆ ಆ ತೊಂದರೆಯಿಲ್ಲ.

ಇನ್ನು ನಾಲ್ಕನೆಯ ಪ್ರಶ್ನೆ. ಕಳೆದ ಮೂರು ವರ್ಷಗಳಲ್ಲಿ ಮಾರಿದ ಪೆಟ್ಟಿಗೆ 4,000 ಎಂದಿರಲಿ. ಅನುಭವದಿಂದ ನೂರಕ್ಕೆ ಐದು ಮನೆಗಳಿಂದ ಮುರಿದ ಕಾಯಿಗಾಗಿ ಪತ್ರವೋ ಫೋನೋ ಬರುತ್ತದೆ. ಅಂದರೆ 200. ಕಾಯಿ, ಲಕೋಟೆ, ಅಂಚೆ ಸೇರಿ ಒಂದಕ್ಕೆ ರೂ. 30ರಂತೆ ಒಟ್ಟು ರೂ. 6,000. ಮಾನದಂಡ 29ರ ಪ್ರಕಾರ ಇಷ್ಟಕ್ಕೆ ಈಗಲೇ ಪ್ರಾವಿಜನ್ ಮಾಡಬೇಕು. ಭರವಸೆ ಕೊಟ್ಟು ಮಾರಿದ್ದಾಗಿದೆ, ಬಾಧ್ಯತೆ ಹುಟ್ಟಿಯಾಗಿದೆ. ಪೆಟ್ಟಿಗೆಯ ಮೇಲೆ ಏನೂ ಅಚ್ಚಾಗಿರಲಿಲ್ಲ, ಆದರೆ ಕೇಳಿದವರಿಗೆಲ್ಲ ಕಾಯಿ ಕಳಿಸುವ ರೂಢಿ ಇತ್ತು ಎಂದಾದರೂ ವಾದ ಬಹಳ ಬದಲಾಗುವುದಿಲ್ಲ. ವ್ಯಾಪಾರದ ವಾಡಿಕೆಯಿಂದ, ಒಳ್ಳೆಯ ಸಂಬಂಧ ಉಳಿಸಿಕೊಳ್ಳುವ ಇಚ್ಛೆಯಿಂದ ಕೂಡ ಬಾಧ್ಯತೆ ಹುಟ್ಟಬಹುದೆಂದು ಅದೇ ಮಾನದಂಡ ಹೇಳುತ್ತದೆ. ಖಾತರಿ ಅವಧಿಯಲ್ಲಿ ಉಚಿತವಾಗಿ ಬದಲಿಸಿಕೊಟ್ಟ ಭಾಗಕ್ಕೆ ಜಿ.ಎಸ್.ಟಿ. ಇಲ್ಲವೆಂದೂ, ಅದಕ್ಕಾಗಿ ತಯಾರಕನು ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಿಲ್ಲವೆಂದೂ 2023ರ ಜುಲೈ 17ರ ಸುತ್ತೋಲೆ ಸ್ಪಷ್ಟಪಡಿಸಿದೆ.

ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ದಾಸ್ತಾನಿನ ನಷ್ಟ ರೂ. 54,000. ಕೊಟ್ಟ ಮಾತು ಉಳಿಸಿಕೊಳ್ಳುವ ವೆಚ್ಚ ರೂ. 6,000. ಮೊದಲನೆಯದನ್ನು ತಪ್ಪಿಸಲು ಸಾಧ್ಯವಿಲ್ಲ. ಎರಡನೆಯದನ್ನು ತಪ್ಪಿಸಬಹುದು, ಫೋನ್ ಎತ್ತದಿದ್ದರೆ ಸಾಕು. ಬಹುಮಂದಿ ಮಾಡುವುದೂ ಅದನ್ನೇ. ಗೇಮ್ಸ್ ವರ್ಕ್‌ಶಾಪ್ ಮೂರು ದಾರಿಗೆ ಚದುರಿಸಿಕೊಂಡ ಅಭಿಮಾನಿಗಳ ಸಿಟ್ಟು ಹುಟ್ಟುವುದು ಈ ಆರು ಸಾವಿರದ ಜಾಗದಲ್ಲಿ, ಐವತ್ತನಾಲ್ಕು ಸಾವಿರದ ಜಾಗದಲ್ಲಲ್ಲ.

ಬಿಡಿ ಕಾಯಿಗಳ ವಿಷಯದಲ್ಲಿ ಸ್ವಲ್ಪ ಯೋಚನೆ ಮಾಡಿದರೆ ಹಣವೂ ಇದೆ. ಪೆಟ್ಟಿಗೆ ಸೇರದ 9,000 ಕಾಯಿಗಳು ಉಳಿದಿದ್ದು, ವೆಚ್ಚ ರೂ. 4ರಂತೆ ರೂ. 36,000 ಆಗಿದೆಯೆನ್ನೋಣ. ಗುಜರಿಗೆ ತೂಕಕ್ಕೆ ಹಾಕಿದರೆ ರೂ. 3,000 ಬಂದೀತು. ಭರವಸೆಗೆಂದು 2,000 ಕಾಯಿ ತೆಗೆದಿಟ್ಟು, ಉಳಿದ 7,000ವನ್ನು ಇಪ್ಪತ್ತರಂತೆ 350 ಪೊಟ್ಟಣ ಮಾಡಿ, ಇನ್ನು ಮುಂದೆ ಸಿಗುವುದಿಲ್ಲ ಎಂದು ಪ್ರಾಮಾಣಿಕವಾಗಿ ತಿಳಿಸಿ, ಖರ್ಚು ಕಳೆದು ಪೊಟ್ಟಣಕ್ಕೆ ರೂ. 60 ಬರುವಂತೆ ಮಾರಿದರೆ ರೂ. 21,000. ಅಷ್ಟೂ ಮಾರಾಟವಾಗದಿರಬಹುದು, ಆದ್ದರಿಂದ ಬೇಡಿಕೆಗೆ ಪುರಾವೆಯಿಲ್ಲದೆ ದಾಸ್ತಾನಿನ ಬೆಲೆಯನ್ನು ಆ ದರಕ್ಕೆ ಏರಿಸಿ ಬರೆಯಬಾರದು. ಆದರೆ ಆಟದ ಪೆಟ್ಟಿಗೆ ಮನೆಯಲ್ಲಿರುವವನಿಗೆ ಈ ಪೊಟ್ಟಣ ಗುಜರಿಯಲ್ಲ, ತನ್ನ ಸ್ಥಿರ ಆಸ್ತಿಯ ಆಯುಷ್ಯ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತೆಗೆದುಹಾಕಬಹುದು. ನಿಲುಗಡೆಯಾದ ಕಾರ್ಯಾಚರಣೆಗಳ ಬಗೆಗಿನ ಮಾನದಂಡ 24 ಇಂತಹ ಸಂದರ್ಭಗಳಿಗೆಲ್ಲ ಅನ್ವಯಿಸುತ್ತದೆಂದು ಕೆಲವರು ಭಾವಿಸುತ್ತಾರೆ. ನಡೆಯುತ್ತಿರುವ ವ್ಯವಹಾರದಲ್ಲಿ ಒಂದೆರಡು ಸರಕುಗಳನ್ನು ಕೈಬಿಡುವುದು, ಅದು ದಿಢೀರೆಂದು ಆಗಿದ್ದರೂ, ಸ್ವತಃ ಆ ಮಾನದಂಡದ ಅರ್ಥದಲ್ಲಿ ನಿಲುಗಡೆಯಲ್ಲ. ವ್ಯವಹಾರದ ಒಂದು ಪ್ರಮುಖ ಶಾಖೆಯೇ ಒಂದು ಯೋಜನೆಯ ಪ್ರಕಾರ ಮುಚ್ಚಬೇಕು.

ಅಂಗಡಿಯವನ ಕಡೆಯಿಂದ

ಕಂಪನಿಯವರು ನಿಲ್ಲಿಸಿಬಿಟ್ಟಿದ್ದಾರೆ ಸ್ವಾಮಿ ಎಂಬ ಮಾತನ್ನು ಕನ್ನಡ, ತೆಲುಗು, ತಮಿಳು ಮೂರು ಭಾಷೆಯಲ್ಲಿಯೂ ಹೇಳಬೇಕಾಗಿ ಬರುವವನು ಕಾಮಸಮುದ್ರ, ಬಂಗಾರಪೇಟೆಗಳ ಚಿಲ್ಲರೆ ವ್ಯಾಪಾರಿ. ಗ್ರಾಹಕನ ಸಿಟ್ಟು ಮೊದಲು ಬೀಳುವುದು ಅವನ ಮೇಲೆ. ಅವನು ಗಮನಿಸಬೇಕಾದದ್ದು ಮುಖ್ಯವಾಗಿ ಎರಡು.

ಕೊನೆಯ ದಾಸ್ತಾನಿಗೆ ನೂಕುನುಗ್ಗಲಾದಾಗ ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಚಿಲ್ಲರೆ ಬೆಲೆಗಿಂತ ಒಂದು ರೂಪಾಯಿ ಹೆಚ್ಚಿಗೆ ಕೇಳಿದರೂ ಕಾನೂನು ಮಾಪನ ಶಾಸ್ತ್ರದ 2011ರ ಪೊಟ್ಟಣ ನಿಯಮಗಳ ಉಲ್ಲಂಘನೆಯಾಗುತ್ತದೆ. ಬಳಸಿದ ಹಳೆಯ ವಸ್ತುವನ್ನು ಖಾಸಗಿಯವರು ಎಷ್ಟಕ್ಕೆ ಮಾರಿಕೊಳ್ಳುತ್ತಾರೆಂಬುದು ಬೇರೆ ಮಾತು. ಅಪರೂಪದ ಸರಕು ಎಂಬುದು ಅಂಗಡಿಯವನಿಗೆ ರಿಯಾಯಿತಿ ತರುವುದಿಲ್ಲ.

ಎರಡನೆಯದು, ಮಾರಾಟವಾಗದ ಸರಕನ್ನು ತಯಾರಕನು ಹಿಂದಕ್ಕೆ ಪಡೆಯುತ್ತಾನೆಯೇ ಎಂಬುದನ್ನು ನಿಲುಗಡೆಯ ಸುದ್ದಿ ಬಂದ ವಾರವೇ ಬರವಣಿಗೆಯಲ್ಲಿ ಕೇಳಬೇಕು. ತೆರಿಗೆ ಸಮೇತ ಹೊಂದಾಣಿಕೆಯಾಗಬೇಕಾದರೆ ಕ್ರೆಡಿಟ್ ನೋಟನ್ನು ಸರಬರಾಜಾದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಕೆಯಾದರೆ ಆ ದಿನದೊಳಗೆ, ರಿಟರ್ನಿನಲ್ಲಿ ತೋರಿಸಬೇಕು. ಬಾಯಿಮಾತಿನ ಭರವಸೆ ನಂಬಿ ಡಿಸೆಂಬರ್‌ವರೆಗೆ ಕಾದವರು ತೆರಿಗೆಯ ಭಾಗವನ್ನು ತಾವೇ ಹೊರಬೇಕಾಗಿ ಬರುತ್ತದೆ.

ಮತ್ತೆ ನಮ್ಮ ಕಲ್ಪಿತ ಘಟಕದ ಮಾಲೀಕರಿಗೆ. ಉಳಿದಿರುವುದು ಹೆಸರು ಮತ್ತು ಅಚ್ಚು. ಆಟದ ಹೆಸರು ನೋಂದಾಯಿತ ಟ್ರೇಡ್‌ಮಾರ್ಕ್ ಆಗಿದ್ದರೆ ಹತ್ತು ವರ್ಷಕ್ಕೊಮ್ಮೆ ನವೀಕರಿಸಿದ ಮಾತ್ರಕ್ಕೆ ಅದು ಉಳಿಯುವುದಿಲ್ಲ. ನಿರಂತರವಾಗಿ ಐದು ವರ್ಷ ಬಳಕೆಯಾಗದ ಚಿಹ್ನೆಯನ್ನು ದಾಖಲೆಯಿಂದ ತೆಗೆಸಲು ಬಾಧಿತರಾದ ಯಾರು ಬೇಕಾದರೂ ಅರ್ಜಿ ಹಾಕಬಹುದೆಂದು 1999ರ ಟ್ರೇಡ್‌ಮಾರ್ಕ್ ಕಾಯಿದೆಯ 47ನೆಯ ಕಲಮು ಹೇಳುತ್ತದೆ. ಮೇಲೆ ಹೇಳಿದ ಬಿಡಿ ಕಾಯಿಗಳ ಪೊಟ್ಟಣವನ್ನು ಅದೇ ಹೆಸರಿನಲ್ಲಿ ಬಿಲ್ ಮಾಡಿ ಮಾರುತ್ತಿದ್ದರೆ, ಹೆಸರಿನ ಬಳಕೆ ಪೂರ್ತಿ ನಿಂತಿಲ್ಲವೆಂದು ವಾದಿಸಲು ಆಧಾರವಾದರೂ ಇರುತ್ತದೆ. ಬಿಲ್ಲಿನ ಪ್ರತಿಗಳನ್ನು ಜೋಪಾನ ಮಾಡಬೇಕು.

ಅಚ್ಚಿನ ಪುಸ್ತಕ ಬೆಲೆ ರೂ. 80,000, ಗುಜರಿ ಬೆಲೆ ರೂ. 15,000 ಎಂದಿಟ್ಟುಕೊಂಡರೆ ರೂ. 65,000 ನಷ್ಟ ಬರೆಯುವುದು ಅನಿವಾರ್ಯ. ಆದರೆ ಪುಸ್ತಕದಲ್ಲಿ ಗುಜರಿ ಬೆಲೆಗೆ ಇಳಿಸಿದ್ದನ್ನು ಗುಜರಿಗೇ ಹಾಕಬೇಕೆಂದು ಯಾವ ಮಾನದಂಡವೂ ಹೇಳುವುದಿಲ್ಲ. ಆ ಹದಿನೈದು ಸಾವಿರ ತುರ್ತಾಗಿ ಬೇಕಿಲ್ಲದವರು ಅಚ್ಚಿಗೆ ಎಣ್ಣೆ ಸವರಿ, ಗೋಣಿತಾಟು ಸುತ್ತಿ, ಕೊನೆಯ ಬಾರಿ ಬಳಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಕಟ್ಟಿ, ಗೋದಾಮಿನ ಒಣಗಿದ ಮೂಲೆಯಲ್ಲಿ ಇಡಬಹುದು. ಅದಕ್ಕೆ ತಗಲುವ ಖರ್ಚು ಒಂದು ಡಬ್ಬಿ ಎಣ್ಣೆಯದು.